ಮರುತ್ ವಿಮಾನ, ಮೊಮ್ಮಗಳು ಮತ್ತು ಬಾರದ ನಿದ್ದೆ

ಪ್ರಶ್ನೆ: ನನಗೆ 61 ವರ್ಷ, ಬ್ಯಾಂಕಿನಿಂದ ನಿವೃತ್ತ. ನಮ್ಮ ತಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಮರುತ್ ಯುದ್ಧವಿಮಾನ ತಯಾರಾಗುತ್ತಿದ್ದ ವರ್ಷಗಳಲ್ಲಿ ಅದರ ಕೆಲಸ ಮಾಡಿದ್ದರು. ಅವರು ಹೋಗಿ ಹತ್ತು ವರ್ಷವಾಯಿತು. ಅವರ ನೆನಪಿಗೆ ಅಂತ ಆ ವಿಮಾನದ 1/72 ಅಳತೆಯ ರೆಸಿನ್ ಕಿಟ್ ತರಿಸಿಕೊಂಡು ಕಟ್ಟುತ್ತಿದ್ದೇನೆ. ಮೊದಮೊದಲು ಖುಷಿಯಿತ್ತು, ಈಗ ಅದೇ ಹಿಂಸೆಯಾಗಿದೆ. ಮೂರು ಸಲ ಬಣ್ಣ ಹೊಡೆದು ಮೂರು ಸಲವೂ ಕೆರೆದು ತೆಗೆದೆ. ಹಸಿರು ಸರಿ ಬಂದರೆ ಕಂದು ಸರಿಯಿಲ್ಲ ಅನ್ನಿಸುತ್ತದೆ. ಇದೇ ಹವ್ಯಾಸದ ಗೆಳೆಯರೊಬ್ಬರು ನೋಡಿ, ಎಂಜಿನ್ನಿಗೆ ಗಾಳಿ ಹೋಗುವ ಬಾಯಿಯ ಆಕಾರವೇ ತಪ್ಪಿದೆ ಅಂದರು. ಅಂದಿನಿಂದ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಬಿಟ್ಟು ನೋಡುತ್ತಿರುತ್ತೇನೆ. ಮನೆಯವಳು "ಈ ವಯಸ್ಸಲ್ಲಿ ಆಟದ ಸಾಮಾನು ಬೇಕಿತ್ತಾ, ಮನೆಯೆಲ್ಲ ಥಿನ್ನರ್ ವಾಸನೆ" ಅನ್ನುತ್ತಾಳೆ. ಹೋದ ತಿಂಗಳು ಏಳು ವರ್ಷದ ಮೊಮ್ಮಗಳು ಅದನ್ನು ಮೇಜಿನ ಮೇಲೆ ಕಾರಿನ ಹಾಗೆ ಓಡಿಸಲು ಹೋಗಿ ಮುಂದಿನ ಚಕ್ರದ ಕಾಲು ಮುರಿಯಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು. ಆಮೇಲೆ ಮಗು ನನ್ನ ಕೋಣೆಗೆ ಕಾಲಿಟ್ಟಿಲ್ಲ. ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿಬಿಡಲೇ? ನನಗೆ ಏನಾಗಿದೆ?

— ಒಬ್ಬ ಓದುಗ, ಬೆಂಗಳೂರು

ಉತ್ತರ: ಕಸದ ಬುಟ್ಟಿಗೆ ಹಾಕಬೇಡಿ. ಕಡೇಪಕ್ಷ ಈ ತಿಂಗಳು ಬೇಡ. ನಿದ್ದೆಗೆಟ್ಟು, ಮನಸ್ಸು ಕಹಿಯಾಗಿರುವಾಗ ಮಾಡಿದ ತೀರ್ಮಾನಗಳು ಆಮೇಲೆ ಕಾಡುತ್ತವೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೀರುವಿನ ಮೇಲಿಡಿ. ಮುರಿದ ಕಾಲನ್ನೂ ಒಂದು ಪೊಟ್ಟಣ ಕಟ್ಟಿ ಅದರಲ್ಲೇ ಹಾಕಿಡಿ.

ನೀವು ಬರೆದದ್ದು ಎರಡು ಪುಟ. ಜಾಗ ಸಾಲದೆ ಇಲ್ಲಿ ಚಿಕ್ಕದು ಮಾಡಿದ್ದೇವೆ. ಆ ಎರಡು ಪುಟದಲ್ಲಿ ಹಸಿರಿನ ಬಗ್ಗೆ, ಕಂದಿನ ಬಗ್ಗೆ, ಗಾಳಿಬಾಯಿಯ ಒಳಗಿನ ಅರ್ಧ ಶಂಕುವಿನ ಬಗ್ಗೆ ವಿವರವಾಗಿ ಬರೆದಿದ್ದೀರಿ. ಮಗುವಿನ ವಿಷಯ ಬಂದದ್ದು ಕೊನೆಯಲ್ಲಿ, ಕೆಲವೇ ಸಾಲು. ತಂದೆಯವರ ಬಗ್ಗೆ ಇನ್ನೂ ಕಡಿಮೆ. ಹೇಳಲು ಕಷ್ಟವಾದ ಮಾತು ಕೊನೆಗೇ ಬರುವುದು. ಹಾಗಾಗಿ ನಿಮ್ಮನ್ನು ನಿಜವಾಗಿ ಸುಡುತ್ತಿರುವುದು ಬಣ್ಣವಲ್ಲ ಎಂದುಕೊಂಡೇ ಈ ಉತ್ತರ ಬರೆಯುತ್ತಿದ್ದೇನೆ.

"ನನಗೆ ಏನಾಗಿದೆ" ಎಂದು ಕೇಳಿದ್ದೀರಿ. ಮಗುವಿನ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಗಿದೆ. ಆಗಬೇಕಾದದ್ದೇ. ಅದು ಕಾಯಿಲೆಯಲ್ಲ, ಒಳ್ಳೆಯ ಮನಸ್ಸಿನ ಲಕ್ಷಣ. ತಂದೆಯ ಹೆಸರಿನಲ್ಲಿ ಹಿಡಿದ ಕೆಲಸ ಕೈಗೂಡುತ್ತಿಲ್ಲ ಎಂಬ ಸಂಕಟವಿದೆ, ಅದೂ ಸಹಜ. ನೌಕರಿ ಬಿಟ್ಟ ಮೇಲೆ ಮೊದಲ ಸಲ ಪೂರ್ತಿ ಮನಸ್ಸಿಟ್ಟು ಹಿಡಿದ ಕೆಲಸವಿದು, ಅದನ್ನೇ ಮನೆಯಲ್ಲಿ ಆಟದ ಸಾಮಾನು ಅಂದರು, ನೊಂದಿರಿ. ಮೂರೂ ಒಟ್ಟಿಗೆ ಬಂದು ಕೂತರೆ ಯಾರಿಗಾದರೂ ನಿದ್ದೆ ಕೆಡುತ್ತದೆ.

ಆ ಆಟದ ಸಾಮಾನಿನ ಮಾತು ಮೊದಲು ಮುಗಿಸೋಣ. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರರು ಬೆಂಗಳೂರಿಗೆ ಬಂದು ಮರುತ್‌ನ ಕೆಲಸಕ್ಕೆ ಕೈಹಾಕಿದಾಗ, ಲೋಹದ ವಿಮಾನಕ್ಕೆ ಮುಂಚೆ ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ಮಾಡಿಸಿದರು. ಅದಕ್ಕೆ ಎಂಜಿನ್ ಇರಲಿಲ್ಲ. 1959ರಲ್ಲಿ ಇನ್ನೊಂದು ವಿಮಾನ ಅದನ್ನು ಎಳೆದುಕೊಂಡು ಮೇಲೇರಿ ಆಕಾಶದಲ್ಲಿ ಬಿಡುತ್ತಿತ್ತು. ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ನಿಜವಾದ ಮರುತ್ ಹಾರಿಸಿದ್ದು ಅದಾಗಿ ಎರಡು ವರ್ಷಕ್ಕೆ, 1961ರ ಜೂನ್ 17ರಂದು. ಅಂದರೆ ಬೆಂಗಳೂರಿನ ಆಕಾಶ ಮೊದಲು ಕಂಡದ್ದು ಮರುತ್‌ನ ಮಾದರಿಯನ್ನೇ. ದೊಡ್ಡವರು ಗಂಭೀರವಾಗಿ ಕೂತು ಮಾದರಿ ಮಾಡುವುದು ಆ ವಿಮಾನದ ಚರಿತ್ರೆಯಲ್ಲೇ ಇದೆ. ಇದನ್ನು ಮನೆಯವರ ಎದುರು ವಾದಕ್ಕೆ ಬಳಸಬೇಡಿ ದಯವಿಟ್ಟು, ನಿಮಗೆ ಗೊತ್ತಿದ್ದರೆ ಸಾಕು. ವಾಸನೆಯ ವಿಷಯದಲ್ಲಿ ಮಾತ್ರ ಅವರು ಹೇಳುವುದು ಸರಿ. ಥಿನ್ನರ್ ಮತ್ತು ಸೂಪರ್ ಗ್ಲೂ ಆವಿ, ರೆಸಿನ್ ಉಜ್ಜಿದಾಗ ಏಳುವ ಪುಡಿ, ಇವು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉಜ್ಜುವಾಗ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿಕೊಳ್ಳಿ, ಒಳ್ಳೆಯ ಮಾಸ್ಕ್ ಹಾಕಿ. ಬಣ್ಣದ ಕೆಲಸ ಬಾಲ್ಕನಿಯಲ್ಲಾಗಲಿ. ಇಷ್ಟು ಮಾಡಿದರೆ ಮನೆಯವರ ದೂರು ಅರ್ಧ ಕಡಿಮೆಯಾದೀತು. ಉಳಿದರ್ಧದ ಮಾತು ಮುಂದೆ.

ಈಗ ಮೂರು ಸಲ ಕೆರೆದ ಬಣ್ಣಕ್ಕೆ ಬರುತ್ತೇನೆ. ನೀವು ಜೀವಮಾನವೆಲ್ಲ ಬ್ಯಾಂಕಿನಲ್ಲಿ ಇದ್ದವರು. ಅಲ್ಲಿ ಸಂಜೆ ಲೆಕ್ಕ ತಾಳೆಯಾಗಲೇಬೇಕು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಎಲ್ಲರೂ ಕೂತು ಹುಡುಕುತ್ತಿದ್ದ ಕಾಲ ನಿಮ್ಮದು. ಆ ಶಿಸ್ತು ನಿಮ್ಮ ಮೈಗೆ ಹತ್ತಿದೆ, ಅದು ನಿಮಗೆ ಅನ್ನ ಕೊಟ್ಟಿದೆ. ತಂದೆಯವರ ಕಸುಬು ಬೇರೆ. ಫಿಟ್ಟರ್ ಕೈಗೆ ಬರುವ ಡ್ರಾಯಿಂಗ್‌ನಲ್ಲಿ ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಇದಕ್ಕಿಂತ ಇಷ್ಟು ಹೆಚ್ಚಾದರೂ ಸರಿ, ಇಷ್ಟು ಕಡಿಮೆಯಾದರೂ ಸರಿ ಎಂದು. ಕಾರ್ಖಾನೆಯಲ್ಲಿ ಅದಕ್ಕೆ ಟಾಲರೆನ್ಸ್ ಅನ್ನುತ್ತಾರೆ. ಆ ಎರಡನೇ ಅಂಕಿ ಇಲ್ಲದಿದ್ದರೆ ಕೆಲಸ ಯಾವಾಗ ಮುಗಿಯಿತು ಎಂದು ಹೇಳುವವರೇ ಇರುವುದಿಲ್ಲ, ಅರ ಹಾಕುತ್ತಲೇ ಇರಬೇಕು. ನೀವು ಈಗ ಮಾಡುತ್ತಿರುವುದು ಅದನ್ನೇ. ಫಿಟ್ಟರ್ ಕಟ್ಟಿದ ವಿಮಾನವನ್ನು ಕ್ಯಾಷಿಯರ್ ಲೆಕ್ಕದಲ್ಲಿ ತಾಳೆ ನೋಡುತ್ತಿದ್ದೀರಿ. ಅದು ಎಂದೂ ತಾಳೆಯಾಗದು.

ಒಂದು ಸಣ್ಣ ಗಣಿತ, ನಿಮಗೆ ಇಷ್ಟವಾಗಬಹುದು. ಮರುತ್ ಉದ್ದ ಸುಮಾರು 15.87 ಮೀಟರ್. ನಿಮ್ಮ ಮೇಜಿನ ಮೇಲೆ ಅದು ಸುಮಾರು 22 ಸೆಂಟಿಮೀಟರ್. ಮಾದರಿಯ ಮೈಮೇಲೆ ಪ್ಯಾನೆಲ್‌ಗಳ ನಡುವೆ ಕೊರೆದ ಗೆರೆ ಇದೆಯಲ್ಲ, ಅದು 0.2 ಮಿಲಿಮೀಟರ್ ಅಗಲವಿದ್ದರೂ ನಿಜವಾದ ವಿಮಾನದ ಲೆಕ್ಕಕ್ಕೆ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್ ಬಿರುಕು! ಅಷ್ಟು ಬಿರುಕಿನ ವಿಮಾನವನ್ನು ತಂದೆಯವರು ರನ್‌ವೇಗೆ ಬಿಡುತ್ತಿದ್ದರೇ? ಆದರೂ ಮಾದರಿ ಕಟ್ಟುವವರೆಲ್ಲ ಆ ಗೆರೆಗೆ ವಾಶ್ ಎಂಬ ತೆಳು ಕಪ್ಪು ಬಣ್ಣ ಇಳಿಸಿ ಇನ್ನಷ್ಟು ಎದ್ದು ಕಾಣುವಂತೆ ಮಾಡುತ್ತಾರೆ. ಯಾಕೆಂದರೆ ಕಣ್ಣಿಗೆ ಹಾಗೆ ಕಂಡರೇ ಚೆನ್ನ. ಈ ಹವ್ಯಾಸವೇ ಎಲ್ಲರೂ ಒಪ್ಪಿಕೊಂಡ ಒಂದು ಹೆಚ್ಚುಕಡಿಮೆಯ ಮೇಲೆ ನಿಂತಿದೆ.

ಬಣ್ಣದ್ದೂ ಅದೇ ಕಥೆ. ಯಾವ ಮರುತ್‌ನ ಹಸಿರು? ಕಾರ್ಖಾನೆಯಿಂದ ಹೊರಟ ದಿನದ್ದೋ, ರಾಜಸ್ಥಾನದ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಮೇಲಿನದ್ದೋ? ಬಣ್ಣ ಮಾಸುತ್ತದೆ, ಎಣ್ಣೆ ಸೋರಿ ಕಪ್ಪಾಗುತ್ತದೆ, ಸಿಬ್ಬಂದಿ ಬ್ರಷ್ ಹಿಡಿದು ಅಲ್ಲಲ್ಲಿ ತೇಪೆ ಹಾಕುತ್ತಾರೆ. ಆ ಕಾಲದ ಫೋಟೊಗಳಲ್ಲಿ ಎಷ್ಟೋ ಕಪ್ಪು ಬಿಳುಪು, ಬಣ್ಣದವೂ ಕಾಲಕ್ಕೆ ಕೆಂಪಾಗಿವೆ. "ಮರುತ್‌ನ ಸರಿಯಾದ ಹಸಿರು" ಎಂಬುದನ್ನು ಹುಡುಕಿ ಹೊರಟರೆ ಊರು ಸಿಗದು. ಇಂಥ ಒಂದು ವಿಮಾನ, ಇಂಥ ಒಂದು ಫೋಟೊದಲ್ಲಿ ಕಂಡ ಹಾಗೆ ಎಂದುಕೊಂಡು ಹೊರಟರೆ ಸಿಗುತ್ತದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬಹುದು, ಆದರೂ ಈ ಬೆಳಕಿನಲ್ಲಿ ನೋಡಿರಲಿಕ್ಕಿಲ್ಲ. ಮರುತ್‌ಗಾಗಿ ಯೋಚಿಸಿದ್ದ ಎಂಜಿನ್ ಅದಕ್ಕೆ ಸಿಗಲೇ ಇಲ್ಲ. ಬ್ರಿಟನ್ನಿನಲ್ಲಿ ಆ ಎಂಜಿನ್ನಿನ ಕೆಲಸ ನಿಂತುಹೋಯಿತು. ಕೊನೆಗೆ ಕಡಿಮೆ ಬಲದ ಆರ್ಫಿಯಸ್ 703 ಎಂಜಿನ್ ಎರಡನ್ನು ಕೂರಿಸಿ ಹಾರಿಸಿದರು. ಎಣಿಸಿದ ವೇಗ ಬರಲಿಲ್ಲ ಎಂಬ ಕೊರಗು ಇವತ್ತಿಗೂ ಇದೆ. ಆದರೂ 147 ವಿಮಾನ ಕಟ್ಟಿದರು. 1971ರ ಯುದ್ಧದಲ್ಲಿ ಪಶ್ಚಿಮದ ಮರುಭೂಮಿಯಲ್ಲಿ ಅವು ಕೆಲಸ ಮಾಡಿದವು. ಒಂದು ಎಂಜಿನ್ ಹೊಡೆತ ತಿಂದರೂ ಇನ್ನೊಂದರ ಮೇಲೆ ನೆಲೆ ಮುಟ್ಟಿದ್ದುಂಟು. ತಂದೆಯವರು ದಿನಾ ಬೆಳಿಗ್ಗೆ ಹೋಗಿ ಕೆಲಸ ಮಾಡುತ್ತಿದ್ದದ್ದು ಇಂಥ ವಿಮಾನದ ಮೇಲೆ. ಕೊರತೆ ಗೊತ್ತಿದ್ದೂ ಅಲ್ಲಿ ಕೆಲಸ ನಡೆಯುತ್ತಿತ್ತು. ಅವರ ಹೆಸರಿನಲ್ಲಿ ನೀವು ನಿಮ್ಮ ಮೇಲೆ ಹೇರಿಕೊಂಡಿರುವ ಕಟ್ಟಳೆ ಅವರದ್ದಲ್ಲ.

ಗಾಳಿಬಾಯಿಯ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ನಿಜವೇ ಇರಬಹುದು. ಕಿಟ್ ಮಾಡಿದವರೂ ಯಾವುದೋ ನಕ್ಷೆ ನೋಡಿ ಅಚ್ಚು ತೆಗೆದವರೇ ತಾನೆ. ಅವರು ನಿಮ್ಮನ್ನು ಹೀಯಾಳಿಸಲು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ಈ ಹವ್ಯಾಸದಲ್ಲಿ ತಪ್ಪು ಹುಡುಕುವುದು ಪ್ರೀತಿ ತೋರಿಸುವ ಒಂದು ರೀತಿ. ಆದರೆ ಆ ಮಾತು ನಿಮ್ಮಲ್ಲಿ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕೂತಿದೆ, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಮುಂದಿನ ಸಲ ಅವರು ಸಿಕ್ಕಾಗ "ಹೌದು, ಅಲ್ಲಿ ಸ್ವಲ್ಪ ಹೆಚ್ಚುಕಡಿಮೆಯಿದೆ, ಹಾಗೇ ಬಿಟ್ಟಿದ್ದೇನೆ" ಎಂದು ಹೇಳಿನೋಡಿ. ಮೊದಲ ಸಲ ಹೇಳುವಾಗ ಗಂಟಲು ಕಟ್ಟುತ್ತದೆ. ಎರಡನೇ ಸಲ ಅಷ್ಟಿರುವುದಿಲ್ಲ.

ಇನ್ನು ಮಗು. ಅವಳು ಮಾಡಿದ್ದೇನು? ಚಕ್ರವಿರುವ ವಸ್ತುವನ್ನು ಉರುಳಿಸಿದಳು. ಏಳು ವರ್ಷಕ್ಕೆ ಇನ್ನೇನು ಮಾಡಬೇಕಿತ್ತು? ಮುಂದೆ ಒಂದು, ಹಿಂದೆ ಎರಡು ಚಕ್ರದ ಇಂಥ ಮಾದರಿಗಳು ಬಾಲದ ಮೇಲೆ ಕೂತುಬಿಡುತ್ತವೆ ಎಂದು ಮೂತಿಯೊಳಗೆ ಗಾಳದ ಸೀಸದ ಗುಂಡು ತುಂಬಿದ್ದಾಗಿ ನೀವೇ ಬರೆದಿದ್ದೀರಿ. ಅಷ್ಟೂ ಭಾರ ಬಿದ್ದದ್ದು ಬೆಂಕಿಕಡ್ಡಿಗಿಂತ ತೆಳುವಾದ ರೆಸಿನ್ ಕಾಲಿನ ಮೇಲೆ. ರೆಸಿನ್ ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಇವತ್ತಲ್ಲದಿದ್ದರೆ ನಾಳೆ ಧೂಳು ಒರೆಸುವಾಗ ನಿಮ್ಮ ಕೈಯಲ್ಲೇ ಮುರಿಯುತ್ತಿತ್ತು. ಸರಿಮಾಡುವುದು ನಿಮಗೆ ಗೊತ್ತಿರುವ ಕೆಲಸವೇ. ಮುರಿದ ಎರಡೂ ತುದಿಗೆ ಕೈಡ್ರಿಲ್ಲಿನಿಂದ ಸಣ್ಣ ತೂತು, ನಡುವೆ ಹಿತ್ತಾಳೆ ತಂತಿ, ಒಂದು ಹನಿ ಅಂಟು. ಆಮೇಲೆ ಅದು ಮೊದಲಿಗಿಂತ ಗಟ್ಟಿ.

ಆದರೆ ಅದನ್ನು ಕೂಡಿಸುವ ಮುಂಚೆ ಅವಳ ಹತ್ತಿರ ಹೋಗಿ. ಅವಳನ್ನು ಕೋಣೆಗೆ ಕರೆಸಬೇಡಿ, ನೀವೇ ಅವಳಿರುವಲ್ಲಿಗೆ ಹೋಗಿ, ನೆಲದ ಮೇಲೆ ಕೂತುಕೊಳ್ಳಿ. ಮಾತು ಚಿಕ್ಕದಿರಲಿ: "ಪುಟ್ಟಿ, ಅವತ್ತು ತಾತ ಅಷ್ಟು ಜೋರಾಗಿ ಕೂಗಿದ್ದು ತಪ್ಪು. ನಿನಗೆ ಹೆದರಿಕೆ ಆಯ್ತು ಅಲ್ವಾ? ವಿಮಾನ ರಿಪೇರಿ ಆಗುತ್ತೆ. ಇನ್ನು ಹಾಗೆ ಕೂಗಲ್ಲ." ಇಷ್ಟೇ. "ಆದರೆ ನೀನೂ ಕೇಳಿ ಮುಟ್ಟಬೇಕಿತ್ತು" ಎಂಬ ಬಾಲ ಸೇರಿಸಬೇಡಿ, ಅದಕ್ಕೆ ಇನ್ನೊಂದು ದಿನವಿದೆ. ಚಾಕೊಲೇಟ್ ಕೊಟ್ಟು ಮುಚ್ಚಿಹಾಕುವುದೂ ಬೇಡ. ಅವಳು ಏನೂ ಹೇಳದೆ ಓಡಿಹೋದರೂ ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳು ಕೇಳಿಸಿಕೊಂಡಿರುತ್ತಾರೆ, ಉತ್ತರ ತಡವಾಗಿ ಬರುತ್ತದೆ. ಕೆಲವು ದಿನ ಕೋಣೆಯ ಬಾಗಿಲು ತೆರೆದೇ ಇಡಿ.

ಅವಳು ಬಂದ ಮೇಲೆ ಅವಳದೇ ಒಂದು ವಿಮಾನ ಇರಲಿ. ಅಂಟು ಬೇಡದ, ಒತ್ತಿದರೆ ಕೂರುವ ಪ್ಲಾಸ್ಟಿಕ್ ಕಿಟ್‌ಗಳು ಸಿಗುತ್ತವೆ. ಅವಳು ಅದಕ್ಕೆ ನೇರಳೆ ಬಣ್ಣ ಹಚ್ಚಿದರೆ ಹಚ್ಚಲಿ. ನೀರಿನಲ್ಲಿ ನೆನೆಸಿದ ಡೆಕಾಲ್ ಚಿತ್ರ ಕಾಗದದಿಂದ ಜಾರಿ ವಿಮಾನದ ಮೈಗೆ ಕೂರುವುದನ್ನು ನೋಡುವುದೆಂದರೆ ಆ ವಯಸ್ಸಿಗೆ ಜಾದೂ. ಬ್ಲೇಡು, ಸೂಪರ್ ಗ್ಲೂ, ಸೀಸ ಇವು ಮಾತ್ರ ಅವಳ ಕೈಗೆಟುಕದ ಕಡೆ ಇರಲಿ. ಮರುತ್ ಮುಗಿಯುವವರೆಗೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿರಲಿ. ಮಗುವನ್ನು ಬೈದು ಕಾಯಬೇಕಾದ ವಸ್ತುವನ್ನು ಮೇಜಿನ ಮೇಲೆ ತೆರೆದಿಡುವುದು ಇಬ್ಬರಿಗೂ ಅನ್ಯಾಯ.

ಮತ್ತೆ ಕೆಲಸಕ್ಕೆ ಕೂರುವ ಮುಂಚೆ, ಸುಮಾರು ಮೂರು ವಾರ ಬಿಟ್ಟು, ಒಂದು ಹಾಳೆ ತೆಗೆದುಕೊಳ್ಳಿ. ತಂದೆಯವರ ಡ್ರಾಯಿಂಗ್‌ನಲ್ಲಿದ್ದ ಆ ಎರಡನೇ ಅಂಕಿಯನ್ನು ನಿಮಗೆ ನೀವೇ ಬರೆದುಕೊಡಬೇಕು. ಯಾವ ಒಂದು ಫೋಟೊ ಎಂದು ಬರೆಯಿರಿ, ಉಳಿದ ಫೋಟೊಗಳನ್ನು ಬೇರೆ ಕಡೆ ಇಡಿ. ಕೈಚಾಚಿದಷ್ಟು ದೂರದಿಂದ, ಮನೆಯ ಮಾಮೂಲಿ ಬೆಳಕಿನಲ್ಲಿ, ಭೂತಗನ್ನಡಿಯಿಲ್ಲದೆ ನೋಡಿದಾಗ ಸರಿ ಕಂಡರೆ ಸರಿ ಎಂದು ಬರೆಯಿರಿ. ಬಣ್ಣ ಇನ್ನೊಂದೇ ಸಲ, ಕೆರೆಯುವಂತಿಲ್ಲ. ಡೆಕಾಲ್ ಕೂತ ಮೇಲೆ ಹಿಂದಿನ ಹಂತಕ್ಕೆ ಹೋಗುವಂತಿಲ್ಲ. ಕಾಕ್‌ಪಿಟ್‌ನ ಗಾಜಿಗೆ ಸೂಪರ್ ಗ್ಲೂ ಬದಲು ಫೆವಿಕಾಲ್ ಬಳಸಿ. ಸೂಪರ್ ಗ್ಲೂ ಆವಿಗೆ ಗಾಜು ಬೆಳ್ಳಗೆ ಮಂಜುಗಟ್ಟುತ್ತದೆ, ಆಗ ನಿಮ್ಮ ಕೆರೆಯುವ ಕೈಗೆ ಹೊಸ ನೆಪ ಸಿಗುತ್ತದೆ. ರಾತ್ರಿ ಒಂಬತ್ತಕ್ಕೆ ಮೇಜು ಬಂದ್. ಹಾಳೆಯ ಕೆಳಗೆ ಮನೆಯವರ ಸಹಿ ಹಾಕಿಸಿದರೆ ಇನ್ನೂ ಒಳ್ಳೆಯದು. ತಮಾಷೆಗೆ ಹೇಳುತ್ತಿಲ್ಲ. ಮನೆಯವರ ದೂರಿನ ಉಳಿದರ್ಧ ನೀವು ಅವರಿಗೆ ಸಿಗುತ್ತಿಲ್ಲ ಎಂಬುದೇ ಇರಬಹುದು. ಒಂಬತ್ತರ ನಂತರದ ಹೊತ್ತು ಅವರದ್ದಾಗಲಿ.

ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಟಾರ್ಚ್ ತೆಗೆಯಬೇಡಿ. ಈಗಲೇ ಹೋಗಿ ನೋಡಬೇಕು ಎಂಬ ತುಡಿತ ಏರುತ್ತದೆ, ತಡೆಯಲಾಗದು ಅನ್ನಿಸುತ್ತದೆ, ಆದರೆ ಅದಕ್ಕೆ ಸೋಲದೆ ಕಾದರೆ ತಾನಾಗಿ ಇಳಿಯುತ್ತದೆ. ಪ್ರತಿ ಸಲ ಎದ್ದು ನೋಡಿದಾಗಲೂ ಮುಂದಿನ ಸಲದ ತುಡಿತಕ್ಕೆ ನೀವೇ ಬಲ ಕೊಟ್ಟಂತೆ. ಎದ್ದು ನೀರು ಕುಡಿಯಿರಿ, ಹಜಾರದಲ್ಲಿ ಕೂತುಕೊಳ್ಳಿ, ಆ ಕೋಣೆಗೆ ಮಾತ್ರ ಹೋಗಬೇಡಿ. ಮೊದಲ ಕೆಲವು ರಾತ್ರಿ ಕಷ್ಟ.

ಈ ಮೂರು ವಾರದಲ್ಲಿ ತಂದೆಯವರ ಬಗ್ಗೆ ಬರೆಯಿರಿ. ಚೆನ್ನಾಗಿ ಬರೆಯಬೇಕಾಗಿಲ್ಲ. ಕಾರ್ಖಾನೆಯ ಬಸ್ಸಿಗೆ ಅವರು ಹೊರಡುತ್ತಿದ್ದ ಹೊತ್ತು, ಊಟದ ಡಬ್ಬಿಯಲ್ಲಿ ಏನಿರುತ್ತಿತ್ತು, ಕೈಗೆ ಎಂಥ ವಾಸನೆ, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ನಿಮ್ಮ ಮೇಲೆ ಅವರು ಎಂದಾದರೂ ಹೀಗೆ ಕೂಗಿದ್ದುಂಟೇ. ಅವರು ಹೋದಾಗ ನೀವು ಇನ್ನೂ ಕೆಲಸದಲ್ಲಿದ್ದಿರಿ. ಹನ್ನೊಂದನೇ ದಿನದ ನಂತರ ರಜೆ ಮುಗಿದು ಮತ್ತೆ ಕೌಂಟರಿನಲ್ಲಿ ಕೂತವರಿಗೆ ಅಳಲು ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ನಿವೃತ್ತಿಯಾದ ಮೇಲೆ ದುಃಖ ವಿಳಾಸ ಹುಡುಕಿಕೊಂಡು ಬರುವುದುಂಟು. ಬರೆಯುತ್ತಾ ಕಣ್ಣಲ್ಲಿ ನೀರು ಬಂದರೆ ತಡೆಯಬೇಡಿ.

ಬೇಕೆನಿಸಿದರೆ ಒಂದು ಭಾನುವಾರ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯಕ್ಕೋ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೋ ಮನೆಮಂದಿಯೆಲ್ಲ ಹೋಗಿಬನ್ನಿ, ಎರಡು ಕಡೆಯೂ ಮರುತ್ ಇದೆ. ಕ್ಯಾಮೆರಾ, ಅಳತೆಪಟ್ಟಿ ಮನೆಯಲ್ಲೇ ಬಿಟ್ಟು ಹೋಗಿ. ಮುತ್ತಜ್ಜನ ಕೆಲಸ ಯಾವುದಾಗಿತ್ತು ಎಂದು ಮಗುವಿಗೆ ಹೇಳಿ. ಅವಳ ಗಮನ ಪಕ್ಕದ ಐಸ್‌ಕ್ಯಾಂಡಿಯ ಕಡೆಗೇ ಇದ್ದರೂ ಇರಬಹುದು.

ಇದೇ ಪಾಡಿನಲ್ಲಿರುವ ಇತರರಿಗೂ ಸೇರಿಸಿ ಒಂದು ಮಾತು. ಹೊಲಿಗೆ, ರಂಗೋಲಿ, ಕವಿತೆ, ಮನೆ ಒರೆಸುವುದು, ಎಲ್ಲಿ ಬೇಕಾದರೂ ಈ "ಇನ್ನೂ ಸರಿಯಾಗಿಲ್ಲ" ಬಂದು ಕೂರಬಹುದು. ಸಾಮಾನ್ಯವಾಗಿ ವಿಶ್ರಾಂತಿ, ಮಾತು, ಒಂದು ಗಡಿ ಇಷ್ಟರಿಂದ ಹತೋಟಿಗೆ ಬರುತ್ತದೆ. ಕೆಲವೊಮ್ಮೆ ಬರುವುದಿಲ್ಲ. ಒಂದು ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ, ಬೀಗ, ಗ್ಯಾಸ್, ಕೈತೊಳೆಯುವುದು ಇಂಥ ಬೇರೆ ವಿಷಯಗಳಲ್ಲೂ ಮತ್ತೆ ಮತ್ತೆ ನೋಡುವ ಚಟ ಕಂಡರೆ, ಊಟ ಸೇರದಿದ್ದರೆ, ಕೈ ಮಾಡುವಷ್ಟು ಸಿಟ್ಟು ಬಂದರೆ, ಬದುಕೇ ಬೇಡ ಅನ್ನಿಸಿದರೆ, ಅದು ಮನಸ್ಸು ಗಟ್ಟಿಮಾಡಿಕೊಂಡು ಗೆಲ್ಲುವ ವಿಷಯವಲ್ಲ, ವೈದ್ಯರ ವಿಷಯ. ಕೊನೆಯ ಎರಡಕ್ಕಂತೂ ತಿಂಗಳು ಕಾಯಬೇಡಿ, ಅವತ್ತೇ ಹೋಗಿ. ಚಿಕಿತ್ಸೆಯಿದೆ, ಗುಣ ಕಾಣುತ್ತದೆ. ಬೆಂಗಳೂರಿನಲ್ಲಿರುವ ನಿಮಗೆ ನಿಮ್ಹಾನ್ಸ್ ದೂರವಲ್ಲ, ಮತ್ತೆ ಮತ್ತೆ ನೋಡುವ ಇಂಥ ತೊಂದರೆಗೆಂದೇ ಅಲ್ಲಿ ಪ್ರತ್ಯೇಕ ಕ್ಲಿನಿಕ್ ಇದೆ. ಹೋಗಲು ಹಿಂಜರಿಕೆಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವಿಮಾನದ ಕಥೆಯೆಲ್ಲ ಮೊದಲಿನಿಂದ ಹೇಳಬೇಕಾಗಿಲ್ಲ, "ನಿದ್ದೆ ಬರುತ್ತಿಲ್ಲ" ಎಂದು ಶುರುಮಾಡಿದರೆ ಸಾಕು.